ಅಂಗಡಿಯ ಕೊನೆಯ ಸೈಜೂ ಸಾಲದಿದ್ದಾಗ: ಓಡುವ ಮಹಿಳೆಯ ಪಾದ ಮತ್ತು ಶೂ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕಿ. ವಯಸ್ಸು 36, ಎತ್ತರ ಐದು ಅಡಿ ಒಂಬತ್ತು ಇಂಚು. ಹುಡುಗಿಯಾಗಿದ್ದಾಗಿನಿಂದಲೂ ನನ್ನ ಪಾದ ದೊಡ್ಡದು. ಎರಡನೇ ಹೆರಿಗೆಯಾದ ಮೇಲೆ ಇನ್ನೂ ಅಗಲವಾದಂತೆ ಕಾಣುತ್ತದೆ. ಸ್ಕೇಲ್ ಇಟ್ಟು ನೋಡಿದರೆ 26 ಸೆಂಟಿಮೀಟರ್ ದಾಟುತ್ತದೆ. ಒಂದು ವರ್ಷದಿಂದ ಬೆಳಿಗ್ಗೆ ಐದಾರು ಕಿಲೋಮೀಟರ್ ಓಡುತ್ತಿದ್ದೇನೆ. ಬರುವ ಏಪ್ರಿಲ್‌ನಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಓಡುವ ಆಸೆಯಿದೆ. ಅಂಗಡಿಯ ಮಹಿಳಾ ವಿಭಾಗದಲ್ಲಿ ಯುಕೆ 7ಕ್ಕಿಂತ ದೊಡ್ಡದು ಸಿಗಲಿಲ್ಲ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಎಂದು ಅಂಗಡಿಯವರು ಹೇಳಿದ್ದರಿಂದ ಅದನ್ನೇ ಕೊಂಡೆ. ಆರು ತಿಂಗಳಾದರೂ ಸಡಿಲವಾಗಿಲ್ಲ. ಎರಡೂ ಕಾಲಿನ ಎರಡನೇ ಬೆರಳಿನ ಉಗುರು ಕಪ್ಪಾಗಿದೆ. ನಾಲ್ಕು ಕಿಲೋಮೀಟರ್ ಆಗುತ್ತಿದ್ದಂತೆ ಮುಂಗಾಲು ಜೋಮು ಹಿಡಿಯುತ್ತದೆ. ಗಂಡಸರ ಶೂ ಹಾಕಿ ನೋಡಿದರೆ ಮುಂದೆ ಹಾಯೆನಿಸುತ್ತದೆ, ಹಿಂದೆ ಹಿಮ್ಮಡಿ ಜಾರುತ್ತದೆ. ಅಲ್ಲದೆ, ಗಂಡಸರ ಶೂನಲ್ಲಿ ಓಡಿದರೆ ಹೆಂಗಸರ ಮಂಡಿ ಹಾಳಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ನನ್ನ ಪಾದ ಚಪ್ಪಟೆಯಾಗಿರಬಹುದೆಂಬ ಅನುಮಾನವೂ ಇದೆ. ತೂಕ ಇಳಿಸಿದರೆ ಪಾದ ಚಿಕ್ಕದಾದೀತೇ? ನಾನು ಯಾವ ಶೂ ಕೊಳ್ಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ: ಶೂ ಸರಿಯಾಗಿದೆ, ಪಾದವೇ ಸರಿಯಿಲ್ಲ ಎಂಬ ಭಾವನೆ. ಓಟಗಾರರ ಕಾಲುಗಳನ್ನು ನೋಡುವ ಫಿಸಿಯೋಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಗಳಲ್ಲಿ ಈ ಮಾತನ್ನು ನಾನು ಎತ್ತರದ ಹೆಣ್ಣುಮಕ್ಕಳ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಈಗ ಮೊದಲು ಒಂದು ಲೆಕ್ಕ ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಮನುಷ್ಯನ ಪಾದದ ಉದ್ದ ಸಾಮಾನ್ಯವಾಗಿ ಅವನ ಎತ್ತರದ ಶೇಕಡಾ 15ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಎತ್ತರ ಸುಮಾರು 175 ಸೆಂಟಿಮೀಟರ್. ಅದರ ಶೇಕಡಾ 15 ಎಂದರೆ 26 ಸೆಂಟಿಮೀಟರಿಗಿಂತ ತುಸು ಹೆಚ್ಚು. ನಿಮ್ಮ ಸ್ಕೇಲ್ ತೋರಿಸಿದ್ದೂ ಅದನ್ನೇ. ನಿಮ್ಮ ಎತ್ತರವನ್ನು ಹೊರಲು ಎಷ್ಟು ದೊಡ್ಡ ಪಾದ ಬೇಕೋ ಅಷ್ಟೇ ಇದೆ.

ಈಗ ಅಂಗಡಿಯವರ ಮಾತಿಗೆ ಬರೋಣ. ಶೂ ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ ಎಂಬುದು ಚರ್ಮದ ಚಪ್ಪಲಿ, ಚರ್ಮದ ಬೂಟುಗಳ ಕಾಲದ ಮಾತು. ಚರ್ಮ ನಿಜಕ್ಕೂ ಹಿಗ್ಗುತ್ತದೆ, ಕಾಲಿನ ಆಕಾರಕ್ಕೆ ಒಗ್ಗುತ್ತದೆ. ಇಂದಿನ ಓಟದ ಶೂಗಳ ಮೇಲ್ಭಾಗ ಪಾಲಿಯೆಸ್ಟರ್ ಅಥವಾ ನೈಲಾನ್ ಎಳೆಗಳ ಜಾಲರಿ; ಅದರ ಮೇಲೆ ಅಲ್ಲಲ್ಲಿ ಬಿಸಿ ಒತ್ತಿ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಅದು ಆಕಾರ ಕೆಡದಂತೆ ಉಳಿಯಲೆಂದೇ ಮಾಡಿದ ವಸ್ತು. ಒಳಗಿನ ಫೋಮ್ ಕಾಲದೊಂದಿಗೆ ತುಸು ಕುಗ್ಗಿ ಎತ್ತರದಲ್ಲಿ ಕೊಂಚ ಜಾಗವಾದೀತೇ ಹೊರತು ಉದ್ದದಲ್ಲಿ ಒಂದು ಮಿಲಿಮೀಟರೂ ಹೆಚ್ಚುವುದಿಲ್ಲ. ಕೊಂಡ ದಿನ ಬಿಗಿಯಾಗಿದ್ದ ಓಟದ ಶೂ ಎಸೆಯುವ ದಿನವೂ ಬಿಗಿಯಾಗಿಯೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಂಸಾರದ ಖರ್ಚಿಗೆ ಅನ್ವಯಿಸಬಹುದು, ಶೂ ಅಂಗಡಿಯಲ್ಲಿ ಬೇಡ.

ನಿಮ್ಮ ಉಗುರು ಕಪ್ಪಾದದ್ದು ಇದರಿಂದಲೇ. ಸಾಧಾರಣ ವೇಗದ ಓಟದಲ್ಲಿ ಒಂದು ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆಗಳು ಬೀಳುತ್ತವೆ, ಅಂದರೆ ಆರು ಕಿಲೋಮೀಟರಿಗೆ ಒಂದೊಂದು ಪಾದವೂ ಮೂರು ಸಾವಿರ ಸಲಕ್ಕೂ ಮಿಕ್ಕಿ ನೆಲ ಮುಟ್ಟುತ್ತದೆ. ಪ್ರತಿ ಸಲವೂ ದೇಹದ ಭಾರಕ್ಕೆ ಅಂಗಾಲಿನ ಕಮಾನು ತಗ್ಗಿ ಪಾದ ಕೆಲವು ಮಿಲಿಮೀಟರ್ ಉದ್ದವಾಗುತ್ತದೆ ಮತ್ತು ಶೂವಿನೊಳಗೆ ಮುಂದಕ್ಕೆ ಸರಿಯುತ್ತದೆ. ಮುಂದೆ ಜಾಗವಿಲ್ಲದಿದ್ದರೆ ಎಲ್ಲಕ್ಕಿಂತ ಉದ್ದದ ಬೆರಳು ಪ್ರತಿ ಹೆಜ್ಜೆಗೂ ಶೂವಿನ ಮೂತಿಗೆ ಬಡಿದು, ಉಗುರಿನ ಕೆಳಗೆ ಸಣ್ಣ ರಕ್ತಸ್ರಾವವಾಗುತ್ತದೆ. ನಿಮ್ಮಲ್ಲಿ ಅದು ಎರಡನೇ ಬೆರಳಾಗಿರುವುದನ್ನು ನೋಡಿದರೆ ಆ ಬೆರಳು ಹೆಬ್ಬೆರಳಿಗಿಂತ ಉದ್ದವಿರಬೇಕು. ಬಹಳ ಜನರಿಗೆ ಹಾಗಿರುತ್ತದೆ. ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಓಡುವಾಗ ಕಾಲುಂಗುರ ಹಾಕಿಕೊಂಡಿರುತ್ತೀರಾ? ಓಡುವಾಗ ಬೆರಳು ಊದುತ್ತದೆ, ಉಂಗುರ ಊದುವುದಿಲ್ಲ. ಬಿಗಿ ಶೂವಿನೊಳಗೆ ಅದೇ ಎರಡನೇ ಬೆರಳಿಗೆ ಬೆಳ್ಳಿಯ ಕಟ್ಟೂ ಸೇರಿದರೆ ಪಕ್ಕದ ಬೆರಳುಗಳ ಚರ್ಮ ಸುಲಿದು ಬರುವವರನ್ನು ನಾನು ಆಗಾಗ ನೋಡುತ್ತೇನೆ. ಓಟದ ಹೊತ್ತಿಗೆ ತೆಗೆದಿಡಲು ಮನಸ್ಸೊಪ್ಪದಿದ್ದರೆ, ಬಾಯಿ ತೆರೆದಿರುವ ತೆಳು ಉಂಗುರವನ್ನು ಬಳಸಿ ಅದರ ಮೇಲೆ ಬಟ್ಟೆಯ ಟೇಪ್ ಸುತ್ತಿಕೊಳ್ಳಬಹುದು.

ಜೋಮು ಹಿಡಿಯುವುದಕ್ಕೆ ಕಾರಣ ಉದ್ದವಲ್ಲ, ಅಗಲ. ಬೆರಳುಗಳ ಬುಡದಲ್ಲಿರುವ ಉದ್ದನೆಯ ಎಲುಬುಗಳ ನಡುವೆ ಬೆರಳುಗಳಿಗೆ ಹೋಗುವ ನರಗಳಿವೆ. ಶೂ ಎರಡೂ ಪಕ್ಕದಿಂದ ಅದುಮಿದಾಗ ಎಲುಬುಗಳು ಒಂದಕ್ಕೊಂದು ಒತ್ತಿ ನಡುವಿನ ನರ ಸಿಕ್ಕಿಕೊಳ್ಳುತ್ತದೆ. ಮೊದಲ ಎರಡು ಮೂರು ಕಿಲೋಮೀಟರ್ ಏನೂ ತೋರದೆ, ಪಾದ ಬಿಸಿಯೇರಿ ಊದಿದ ಮೇಲೆ ಜೋಮು ಶುರುವಾಗುವುದು ಇದರ ಗುರುತು. ಇದೇ ಒತ್ತಡ ವರ್ಷಗಟ್ಟಲೆ ಮುಂದುವರಿದರೆ ಕಿರುಬೆರಳಿನ ಮೇಲೆ ಆಣಿ, ಬಾಗಿದ ಬೆರಳು, ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ನರ ದಪ್ಪಗಾಗುವ ತೊಂದರೆಗಳು ಬರಬಹುದು. ಹೆಬ್ಬೆರಳು ಒಳಮುಖವಾಗಿ ವಾಲಿ ಬುಡದಲ್ಲಿ ಗಂಟು ಮೂಡುವ ತೊಂದರೆಗೆ ವಂಶದ ಪಾಲು ದೊಡ್ಡದಾದರೂ ಇಕ್ಕಟ್ಟಾದ ಶೂ ಅದನ್ನು ಹೆಚ್ಚಿಸುತ್ತದೆ.

ನಿಮ್ಮ ಕೈಯಲ್ಲಿರುವ ಶೂ ಎಷ್ಟು ಚಿಕ್ಕದು ಎಂಬುದನ್ನು ಅಂಕಿಯಲ್ಲಿ ತೋರಿಸಬಲ್ಲೆ. ಭಾರತದಲ್ಲಿ ಶೂಗಳ ಮೇಲೆ ಕಾಣುವ ಯುಕೆ ಸಂಖ್ಯೆ ಬ್ರಿಟಿಷರ ಹಳೆಯ ಅಳತೆ. ಅದರಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಈ ಸಂಖ್ಯೆ ಹೇಳುವುದು ಪಾದದ ಉದ್ದವನ್ನಲ್ಲ, ಶೂವನ್ನು ಯಾವ ಅಚ್ಚಿನ ಮೇಲೆ ಹೊಲಿದು ಅಂಟಿಸಿದರೋ ಆ ಅಚ್ಚಿನ ಉದ್ದವನ್ನು. ಶೂ ತಯಾರಿಸುವವರು ಅದನ್ನು ಲಾಸ್ಟ್ ಎನ್ನುತ್ತಾರೆ. ಅಚ್ಚಿನ ಉದ್ದವನ್ನು ಇಂಚಿನಲ್ಲಿ ತೆಗೆದುಕೊಂಡು, ಮೂರರಿಂದ ಗುಣಿಸಿ, 25 ಕಳೆದರೆ ವಯಸ್ಕರ ಯುಕೆ ಸೈಜು ಬರುತ್ತದೆ. ನಿಮ್ಮ ಪಾದ 26.3 ಸೆಂಟಿಮೀಟರ್ ಎಂದಿಟ್ಟುಕೊಂಡು ಅದಕ್ಕೆ ಒಳಗಿನ ಜಾಗವೆಂದು 1.7 ಸೆಂಟಿಮೀಟರ್ ಸೇರಿಸಿದರೆ 28 ಸೆಂಟಿಮೀಟರ್, ಅಂದರೆ 11 ಇಂಚು. ಮೂರರಿಂದ ಗುಣಿಸಿದರೆ 33. 25 ಕಳೆದರೆ 8. ಯುರೋಪಿನ ಅಳತೆಯಲ್ಲಿ ಇದೇ ಅಚ್ಚು 42. ನೀವು ಹಾಕುತ್ತಿರುವ ಯುಕೆ 7ರ ಅಚ್ಚು 27.1 ಸೆಂಟಿಮೀಟರ್. ಪಾದ ಕಳೆದರೆ ಉಳಿಯುವುದು 8 ಮಿಲಿಮೀಟರ್. ಶೂವಿನ ಮೂತಿ ಮುಂದಕ್ಕೆ ಕಿರಿದಾಗುವುದರಿಂದ ಅದರಲ್ಲೂ ಒಂದು ಪಾಲು ಬೆರಳಿಗೆ ದಕ್ಕುವುದಿಲ್ಲ. ಓಟಕ್ಕೆ ಉದ್ದದ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲದಷ್ಟು, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಬೇಕು.

ಇದು ಪುಸ್ತಕದ ಲೆಕ್ಕ. ಕಂಪನಿಗಳು ಇದನ್ನು ತಮ್ಮ ತಮ್ಮ ಅನುಕೂಲಕ್ಕೆ ಬಗ್ಗಿಸಿಕೊಂಡಿವೆ. ಅಮೆರಿಕದ ಸಂಖ್ಯೆಯಿಂದ ಯುಕೆ ಸಂಖ್ಯೆಗೆ ಬರುವಾಗ ಮಹಿಳೆಯರ ಶೂಗಳಲ್ಲಿ ಒಬ್ಬರು ಒಂದೂವರೆ ಕಳೆದರೆ ಇನ್ನೊಬ್ಬರು ಎರಡೂವರೆ ಕಳೆಯುತ್ತಾರೆ. ಹೀಗಾಗಿ ಒಂದು ಕಂಪನಿಯ ಯುಕೆ 7 ನಿಮಗೆ ಬೆರಳು ಮಡಚುವಷ್ಟು ಚಿಕ್ಕದಾಗಿ, ಇನ್ನೊಂದು ಕಂಪನಿಯ ಯುಕೆ 7.5 ಸಾಕಾಗಲೂಬಹುದು. ಪೆಟ್ಟಿಗೆಯ ಮೇಲೆ ಅಥವಾ ಶೂವಿನ ನಾಲಿಗೆಯ ಒಳಬದಿಯ ಚೀಟಿಯಲ್ಲಿ ಯುಕೆ, ಯುಎಸ್, ಇಯು ಸಂಖ್ಯೆಗಳ ಪಕ್ಕದಲ್ಲೇ ಸೆಂಟಿಮೀಟರ್ ಎಂದೋ ಜೆಪಿ (ಜಪಾನಿನ ಅಳತೆ) ಎಂದೋ ಒಂದು ಅಂಕಿ ಇರುತ್ತದೆ; ಅದು ಯಾವ ಉದ್ದದ ಪಾದಕ್ಕೆ ಈ ಶೂ ಎಂದು ಹೇಳುವ ಅಂಕಿ. ಬೇರೆ ಬೇರೆ ಕಂಪನಿಗಳ ಶೂಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಅದನ್ನೇ.

ಮಹಿಳೆಯರ ವಿಭಾಗ 7ಕ್ಕೆ ಅಥವಾ 8ಕ್ಕೆ ಏಕೆ ನಿಲ್ಲುತ್ತದೆ ಎಂಬುದಕ್ಕೆ ಉತ್ತರ ವ್ಯಾಪಾರದಲ್ಲಿದೆ. ಪ್ರತಿ ಸೈಜಿಗೂ ಬೇರೆ ಅಚ್ಚು, ಅಡಿಭಾಗಕ್ಕೆ ಬೇರೆ ಎರಕ ಬೇಕು. ಹೆಚ್ಚು ಮಾರಾಟವಾಗುವುದು ನಡುವಿನ ಸೈಜುಗಳು; ತುದಿಯ ಸೈಜುಗಳನ್ನು ತರಿಸಿ ಕಪಾಟಿನಲ್ಲಿಟ್ಟುಕೊಳ್ಳಲು ಅಂಗಡಿಯವರು ಹಿಂದೆಗೆಯುತ್ತಾರೆ. ಅಲ್ಲಿ ಸಿಗದವರು ಕೇಳುವುದನ್ನೇ ನಿಲ್ಲಿಸುತ್ತಾರೆ, ಕೇಳುವವರಿಲ್ಲವೆಂದು ಅವರು ತರಿಸುವುದನ್ನು ನಿಲ್ಲಿಸುತ್ತಾರೆ. ಅಗಲದ ವಿಷಯದಲ್ಲಂತೂ ನಮ್ಮಲ್ಲಿ ಕೇಳುವ ಅಭ್ಯಾಸವೇ ಬೆಳೆದಿಲ್ಲ. ಆದರೆ ಭಾರತೀಯರ ಪಾದಗಳ ಬಗ್ಗೆ ಈಗ ಗಟ್ಟಿಯಾದ ಮಾಹಿತಿ ಇದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರ್‌ಗಳಿಂದ ಅಳೆಯಲಾಯಿತು. ನಮ್ಮವರ ಪಾದ ಸಾಮಾನ್ಯವಾಗಿ ಯುರೋಪ್ ಮತ್ತು ಅಮೆರಿಕದವರಿಗಿಂತ ಅಗಲ ಎಂಬುದು ಅದರಲ್ಲಿ ಕಂಡುಬಂದ ಮುಖ್ಯ ಸಂಗತಿ. ಅದರ ಆಧಾರದ ಮೇಲೆ "ಭಾ" ಎಂಬ ಹೆಸರಿನ ಭಾರತೀಯ ಅಳತೆ ಪದ್ಧತಿಯನ್ನು ಪ್ರಸ್ತಾಪಿಸಲಾಗಿದೆ. ನಾವು ಇಷ್ಟು ವರ್ಷ ನಮ್ಮದಲ್ಲದ ಅಚ್ಚಿನೊಳಗೆ ಕಾಲು ತುರುಕುತ್ತ ಬಂದಿದ್ದೇವೆ. ಅಗಲ ಸಾಲದಿದ್ದಾಗ ಒಂದು ಸೈಜು ಉದ್ದದ್ದನ್ನು ಕೊಳ್ಳುವುದು ನಮ್ಮ ರೂಢಿ. ಆಗ ಶೂ ಮಡಚುವ ಜಾಗವೂ ಪಾದ ಮಡಚುವ ಜಾಗವೂ ಹೊಂದದೆ ಅಂಗಾಲು ನೋಯತೊಡಗುತ್ತದೆ.

ಇನ್ನು ನಿಮ್ಮ ಸಹೋದ್ಯೋಗಿ ಹೇಳಿದ ಮಂಡಿಯ ಮಾತು. ಹೆಂಗಸರ ಸೊಂಟ ಅಗಲ, ಆದ್ದರಿಂದ ತೊಡೆಯಿಂದ ಮಂಡಿಗೆ ಇಳಿಯುವ ಕೋನ ಬೇರೆ, ಆದ್ದರಿಂದ ಅವರಿಗೆ ಬೇರೆಯೇ ಶೂ ಇಲ್ಲದಿದ್ದರೆ ಮಂಡಿ ಕೆಡುತ್ತದೆ ಎಂಬ ವಾದದ ಮೊದಲರ್ಧದಲ್ಲಿ ಸತ್ಯಾಂಶವಿದೆ, ಕೊನೆಯ ತೀರ್ಮಾನಕ್ಕೆ ಗಟ್ಟಿಯಾದ ಆಧಾರವಿಲ್ಲ. ಶೂವಿನೊಳಗೆ ಮಂಡಿ ಹೋಗುವುದಿಲ್ಲ, ಪಾದ ಹೋಗುತ್ತದೆ. ಗಂಡಸರ ಮತ್ತು ಹೆಂಗಸರ ಓಟದ ಶೂಗಳ ನಡುವಿನ ಮುಖ್ಯ ವ್ಯತ್ಯಾಸ ಇರುವುದು ಅಚ್ಚಿನ ಅಗಲದಲ್ಲಿ. ಗಂಡಸರ ಸಾಮಾನ್ಯ ಅಗಲವನ್ನು ಡಿ ಎಂದೂ ಹೆಂಗಸರ ಸಾಮಾನ್ಯ ಅಗಲವನ್ನು ಬಿ ಎಂದೂ ಗುರುತಿಸುತ್ತಾರೆ; ಡಿ ಹೆಚ್ಚು ಅಗಲ. ಹೆಂಗಸರ ಪಾದ ಸರಾಸರಿಯಲ್ಲಿ ಮುಂದೆ ಅಗಲವಿದ್ದು ಹಿಮ್ಮಡಿಯಲ್ಲಿ ಕಿರಿದಾಗಿರುತ್ತದೆ. ಗಂಡಸರ ಶೂ ನಿಮಗೆ ಮುಂದೆ ಹಾಯೆನಿಸಿ ಹಿಂದೆ ಜಾರಿದ್ದು ಇದಕ್ಕೇ. ಅದು ಹಿಮ್ಮಡಿ ಹಿಡಿಸುವ ಸಮಸ್ಯೆ, ಅದಕ್ಕೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಚಪ್ಪಟೆ ಪಾದದ ಅನುಮಾನಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒದ್ದೆ ಕಾಲನ್ನು ಗಾರೆ ನೆಲದ ಮೇಲಿಟ್ಟು ಅಚ್ಚು ನೋಡಿ, ಕಮಾನು ತಗ್ಗಿದ್ದರೆ ಇಂಥ ಶೂ, ಎತ್ತರವಿದ್ದರೆ ಅಂಥ ಶೂ ಎಂದು ಆರಿಸುವ ಪದ್ಧತಿ ದಶಕಗಳ ಕಾಲ ನಡೆಯಿತು. ನಾನೂ ಆರಂಭದ ವರ್ಷಗಳಲ್ಲಿ ಹಾಗೆಯೇ ಸಲಹೆ ಕೊಡುತ್ತಿದ್ದೆ. ಅಮೆರಿಕದ ಸೇನೆಯ ಬೇರೆ ಬೇರೆ ವಿಭಾಗಗಳ ತರಬೇತಿ ಶಿಬಿರಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಪಾದದ ಅಚ್ಚು ನೋಡಿ ಶೂ ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 2300 ಮಕ್ಕಳ ಪಾದದಚ್ಚುಗಳನ್ನು ನೋಡಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರವಾದದ್ದು: ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇಕಡಾ 8.6ರಷ್ಟು ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ ಶೇಕಡಾ 2.8. ಅಂಗಳದಲ್ಲಿ, ಗದ್ದೆ ಬದುವಿನಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದದ್ದರಿಂದ ಕಾಲು ಕೆಟ್ಟಿತು ಎಂದು ಕೊರಗುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ, ಅಂದಿನವರೆಗಿನ ಸಂಶೋಧನೆಗಳನ್ನು ತೂಗಿ ನೋಡಿ, ಓಟಗಾರ ತನಗೆ ಯಾವುದು ಹಿತವೆನಿಸುತ್ತದೋ ಅದನ್ನು ಆರಿಸಿಕೊಳ್ಳುವುದೇ ಗಾಯದಿಂದ ದೂರವಿರುವ ದಾರಿಯಾಗಿರಬಹುದು ಎಂಬ ವಿಚಾರವನ್ನು ಮಂಡಿಸಿದರು. ಅದು ಅಂತಿಮ ಮಾತಲ್ಲ. ಆದರೂ "ಇದು ಕಾಲಿಗೆ ಹಿತವಾಗಿದೆ" ಎಂಬ ನಿಮ್ಮ ಅನುಭವಕ್ಕೆ ಬೆಲೆ ಕೊಡಿ, ವಿಶೇಷವಾಗಿ ಯಂತ್ರದ ಮೇಲೆ ನಿಲ್ಲಿಸಿ ಬಣ್ಣಬಣ್ಣದ ಚಿತ್ರ ತೋರಿಸಿ ದುಬಾರಿ ಇನ್‌ಸೋಲ್ (ಶೂವಿನೊಳಗೆ ಹಾಸುವ ಮೆತ್ತೆ) ಮಾರುವವರ ಮುಂದೆ.

ಹೆರಿಗೆಯ ನಂತರ ಪಾದ ದೊಡ್ಡದಾಯಿತು ಎಂಬುದು ನಿಮ್ಮ ಭ್ರಮೆಯಲ್ಲ. ಗರ್ಭಿಣಿಯರಲ್ಲಿ ಕೀಲುಗಳ ಕಟ್ಟುಗಳು ಸಡಿಲಗೊಳ್ಳುತ್ತವೆ, ಮೇಲಿನಿಂದ ಭಾರವೂ ಹೆಚ್ಚುತ್ತದೆ. ಕಮಾನು ತುಸು ತಗ್ಗಿ ಪಾದ ಉದ್ದವಾಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 49 ಮಹಿಳೆಯರ ಪಾದಗಳನ್ನು ಗರ್ಭದ ಮೊದಲ ತಿಂಗಳುಗಳಲ್ಲೊಮ್ಮೆ, ಹೆರಿಗೆಯಾಗಿ ಸುಮಾರು ಐದು ತಿಂಗಳಿಗೊಮ್ಮೆ ಅಳೆದು 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪಾದ ಬೆಳೆದಿತ್ತು. ತೂಕ ಇಳಿಸಿದರೆ ಅಗಲದಲ್ಲಿ ಒಂದಿಷ್ಟು ಕಡಿಮೆಯಾದೀತು. ಉದ್ದ ಹಿಂದಕ್ಕೆ ಬರುವುದಿಲ್ಲ. ಹೀಗಾಗಿ ಮುಂದೆ ಚಿಕ್ಕದಾದೀತೆಂಬ ಭರವಸೆಯಲ್ಲಿ ಇಂದು ಬಿಗಿ ಶೂ ಕೊಳ್ಳಬೇಡಿ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇನೆ: ಹೆರಿಗೆಯ ಕಾರಣವಿಲ್ಲದೆ, ವಯಸ್ಕರಲ್ಲಿ ಶೂ ಸೈಜು ವರ್ಷದಿಂದ ವರ್ಷಕ್ಕೆ ಏರುತ್ತ ಕೈಬೆರಳಿನ ಉಂಗುರಗಳೂ ಬಿಗಿಯಾಗುತ್ತ ಹೋದರೆ ಅದನ್ನು ವೈದ್ಯರಿಗೆ ಹೇಳಬೇಕು, ಬೆಳವಣಿಗೆಯ ಹಾರ್ಮೋನು ಅತಿಯಾಗುವ, ಅಪರೂಪದ ಕಾಯಿಲೆಯೊಂದು ಹೀಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ವಿಷಯದಲ್ಲಿ ಅಂಥ ಸೂಚನೆ ಪತ್ರದಲ್ಲಿ ಇಲ್ಲ.

ಕೊಳ್ಳುವ ಮುನ್ನ ಮನೆಯಲ್ಲಿ ಅಳೆದುಕೊಳ್ಳಿ. ಸಂಜೆಯ ಹೊತ್ತು, ಶಾಲೆಯಲ್ಲಿ ದಿನವಿಡೀ ನಿಂತು ಬಂದ ಮೇಲೆ, ಪಾದ ಅತಿ ದೊಡ್ಡದಾಗಿರುತ್ತದೆ, ಆಗಲೇ ಅಳೆಯಬೇಕು. ಒಂದು ಎ4 ಹಾಳೆಯ ಗಿಡ್ಡ ಅಂಚನ್ನು ಗೋಡೆಗೆ ತಾಗಿಸಿ ನೆಲದ ಮೇಲಿಡಿ. ಹಾಳೆಯ ಉದ್ದ 29.7 ಸೆಂಟಿಮೀಟರ್, ನಿಮ್ಮ ಪಾದಕ್ಕೆ ಧಾರಾಳ ಸಾಕು. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಹಿಮ್ಮಡಿಯನ್ನು ಗೋಡೆಗೆ ಮೆಲ್ಲನೆ ತಾಗಿಸಿ, ಪೂರ್ಣ ಭಾರ ಬಿಟ್ಟು ನಿಲ್ಲಿ. ಗುರುತು ಹಾಕುವ ಕೆಲಸವನ್ನು ಮನೆಯವರಿಗೆ ಕೊಡಿ, ಏಕೆಂದರೆ ನೀವೇ ಬಗ್ಗಿದರೆ ಭಾರ ಮುಂದಕ್ಕೆ ಬಂದು ಅಳತೆ ಕೆಡುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಅತಿ ಉದ್ದದ ಬೆರಳ ತುದಿಗೊಂದು, ಹೆಬ್ಬೆರಳ ಬುಡದ ಗಂಟಿನ ಪಕ್ಕಕ್ಕೊಂದು, ಕಿರುಬೆರಳ ಬುಡದ ಪಕ್ಕಕ್ಕೊಂದು ಗುರುತು ಹಾಕಲಿ. ಎರಡೂ ಪಾದಗಳನ್ನು ಅಳೆಯಿರಿ. ಎರಡೂ ಒಂದೇ ಅಳತೆಯಿರುವವರು ಕಡಿಮೆ, ಶೂ ದೊಡ್ಡ ಪಾದಕ್ಕೆ ಹೊಂದಬೇಕು. ಆಮೇಲೆ ಪಾದದ ಸುತ್ತ ಗೀಟೆಳೆದು ಆ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಶೂವಿನೊಳಗಿನ ಇನ್‌ಸೋಲನ್ನು ಹೊರತೆಗೆದು ರಟ್ಟನ್ನು ಅದರ ಮೇಲಿಟ್ಟರೆ, ಹಾಕಿ ನೋಡುವ ಮೊದಲೇ ಅರ್ಧ ತೀರ್ಮಾನವಾಗುತ್ತದೆ: ರಟ್ಟು ಪಕ್ಕಗಳಲ್ಲಿ ಹೊರಗೆ ಚಾಚಿದರೆ ಆ ಶೂ ನಿಮ್ಮದಲ್ಲ.

ನಿಮ್ಮ ಹಳೆಯ ಶೂವಿನ ಇನ್‌ಸೋಲನ್ನೂ ಒಮ್ಮೆ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ನನ್ನಲ್ಲಿಗೆ ಬರುವವರು ಕಾಲು ತೋರಿಸುವ ಮೊದಲು ನಾನು ಇದನ್ನೇ ಕೇಳಿ ಪಡೆಯುತ್ತೇನೆ. ಆರು ತಿಂಗಳ ಬೆವರು, ಧೂಳಿನಲ್ಲಿ ಐದು ಬೆರಳುಗಳೂ ಕಪ್ಪಗೆ ಮೂಡಿರುತ್ತವೆ. ಎರಡನೇ ಬೆರಳಿನ ಗುರುತು ಇನ್‌ಸೋಲಿನ ತುದಿಗೇ ಹತ್ತಿಕೊಂಡಿದ್ದರೆ ಉದ್ದ ಸಾಲದು. ಕಿರುಬೆರಳಿನ ಗುರುತು ಅರ್ಧ ಮಾತ್ರ ಮೂಡಿ ಉಳಿದರ್ಧ ಅಂಚಿನಾಚೆ ಬಿದ್ದಿದ್ದರೆ, ಆ ಬೆರಳು ಇಷ್ಟು ದಿನ ಇನ್‌ಸೋಲಿನ ಮೇಲೆ ಅಲ್ಲ, ಶೂವಿನ ಗೋಡೆಯ ಮೇಲೆ ಓಡಿದೆ ಎಂದರ್ಥ. ಅದೇ ಜಾಗದಲ್ಲಿ ಹೊರಗಿನ ಜಾಲರಿ ಸವೆದು ತೂತಾಗಲು ಬಂದಿರುವುದನ್ನೂ ನೋಡುತ್ತೀರಿ.

ಈಗ ಯಾವ ಶೂ ಎಂಬ ಪ್ರಶ್ನೆ. ನಿಮಗೆ ನನ್ನ ಮೊದಲ ಸಲಹೆ ಗಂಡಸರ ವಿಭಾಗವೇ. ಯುಕೆ ಪದ್ಧತಿಯಲ್ಲಿ ವಯಸ್ಕ ಗಂಡಸರಿಗೂ ಹೆಂಗಸರಿಗೂ ಉದ್ದದ ಸಂಖ್ಯೆ ಒಂದೇ. ನಿಮ್ಮ 8 ಅಲ್ಲಿ ಕೊನೆಯ ಸೈಜಲ್ಲ, ಹೆಚ್ಚು ಮಾರಾಟವಾಗುವ ನಡುವಿನ ಸೈಜು. ಆಯ್ಕೆಯೂ ಹೆಚ್ಚು, ಊರಿನಲ್ಲೇ ಹಾಕಿ ನೋಡಿ ಕೊಳ್ಳಬಹುದು, ಹಿಡಿಸದಿದ್ದರೆ ಹಿಂದಿರುಗಿಸುವುದೂ ಸುಲಭ. ನೀವು ಹಾಕಿ ನೋಡಿದ್ದು ಯಾವ ಸೈಜು ಎಂದು ಬರೆದಿಲ್ಲ. ಅದು 9 ಆಗಿದ್ದರೆ ಹಿಮ್ಮಡಿ ಜಾರಿದ್ದಕ್ಕೆ ಶೂವಿನ ಉದ್ದವೇ ಕಾರಣವಿರಬಹುದು. 8 ಮತ್ತು 8.5 ಎರಡನ್ನೂ ಹಾಕಿ ನೋಡಿ. ಆಗಲೂ ಜಾರಿದರೆ ಲೇಸ್ ಕಟ್ಟುವ ಕ್ರಮ ಬದಲಿಸಿ. ಹೆಚ್ಚಿನ ಓಟದ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ತುಸು ಹಿಂದಕ್ಕೆ, ಯಾರೂ ಬಳಸದ ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಅಡ್ಡಕ್ಕೆ ದಾಟಿಸದೆ ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿದರೆ ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಕುಣಿಕೆ ಉಳಿಯುತ್ತದೆ. ಬಲ ಲೇಸಿನ ತುದಿಯನ್ನು ಎಡ ಕುಣಿಕೆಯೊಳಗೆ, ಎಡದ್ದನ್ನು ಬಲ ಕುಣಿಕೆಯೊಳಗೆ ಹಾಯಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಊರಿ ಎರಡನ್ನೂ ಕೆಳಮುಖವಾಗಿ ಎಳೆದು ಆಮೇಲೆ ಗಂಟು ಹಾಕಿ. ಹಿಮ್ಮಡಿ ಕೂರುತ್ತದೆ, ಮುಂಗಾಲಿನ ಮೇಲಿನ ಲೇಸನ್ನು ಸಡಿಲವಾಗಿಯೇ ಬಿಡಬಹುದು. ಇದರಿಂದಲೂ ಹಿಮ್ಮಡಿ ಎದ್ದೆದ್ದು ಬರುತ್ತಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ. ಬೊಬ್ಬೆ ಏಳುವುದು ಖಚಿತ, ಶೂವನ್ನು ಹಿಡಿದಿಟ್ಟುಕೊಳ್ಳಲು ಬೆರಳುಗಳನ್ನು ಮುದುಡಿ ಓಡುವ ಅಭ್ಯಾಸವೂ ಅಂಟಿಕೊಳ್ಳುತ್ತದೆ.

ಹಿಮ್ಮಡಿ ತೀರಾ ಕಿರಿದಾಗಿದ್ದರೆ ಎರಡನೇ ದಾರಿ, ಮಹಿಳೆಯರ ಅಚ್ಚಿನಲ್ಲೇ ಅಗಲ ಹೆಚ್ಚಿರುವ ಶೂ. ನ್ಯೂ ಬ್ಯಾಲೆನ್ಸ್, ಬ್ರೂಕ್ಸ್, ಆಸಿಕ್ಸ್‌ನಂಥ ಕಂಪನಿಗಳು ಕೆಲವು ಮಾದರಿಗಳನ್ನು ಮಹಿಳೆಯರಿಗೆ ಡಿ ಅಗಲದಲ್ಲೂ ತಯಾರಿಸುತ್ತವೆ. ಇನ್ನೂ ಅಗಲ ಬೇಕಾದವರಿಗೆ 2ಇ ಇದೆ. ಗಂಡಸರ ವಿಭಾಗದಲ್ಲಿ ಡಿ ಸಾಮಾನ್ಯ ಅಗಲ, ಹೆಂಗಸರ ವಿಭಾಗದಲ್ಲಿ ಅದೇ ಹೆಚ್ಚಿನ ಅಗಲ, ಆದ್ದರಿಂದ ಅಕ್ಷರ ಓದುವಾಗ ಯಾರ ವಿಭಾಗದ್ದು ಎಂದು ನೋಡಬೇಕು. ತೊಡಕೆಂದರೆ ಇವು ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವುದು ಅಪರೂಪ, ಆನ್‌ಲೈನ್‌ನಲ್ಲಿ ಹಾಕಿ ನೋಡದೆ ತರಿಸಬೇಕು. ಹಿಂದಿರುಗಿಸುವ ಸೌಲಭ್ಯವಿದೆಯೇ ಎಂದು ಖಚಿತಪಡಿಸಿಕೊಂಡು, ಬಂದ ಶೂವನ್ನು ಮೊದಲು ಮನೆಯ ಒಳಗೆ ಮಾತ್ರ ಹಾಕಿ ಓಡಾಡಿ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ತಮ್ಮ, ತಂಗಿಯರ ಕೈಯಲ್ಲಿ ತರಿಸುವವರಿಗೆ ನನ್ನ ವಿನಂತಿ, ಸೈಜು ಹೇಳಬೇಡಿ, ಆ ರಟ್ಟಿನ ಅಳತೆಯನ್ನು ಮಿಲಿಮೀಟರ್‌ನಲ್ಲಿ ಕಳುಹಿಸಿ.

ಮೂತಿ ಅಗಲವಾಗಿ ಬೆರಳುಗಳು ಹರಡುವಂತೆ ರೂಪಿಸಿದ ಆಲ್ಟ್ರಾದಂಥ ಶೂಗಳೂ ಇವೆ. ಇವುಗಳಲ್ಲಿ ಹೆಚ್ಚಿನವು ಹಿಮ್ಮಡಿಯೂ ಮುಂಗಾಲೂ ಒಂದೇ ಎತ್ತರದಲ್ಲಿರುವಂಥವು. ಸಾಮಾನ್ಯ ಶೂಗಳಲ್ಲಿ ಹಿಮ್ಮಡಿ ಎಂಟು, ಹತ್ತು ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರಕ್ಕೆ ಒಗ್ಗಿಹೋದ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಒಮ್ಮೆಲೇ ಹೆಚ್ಚು ಎಳೆತಕ್ಕೆ ಸಿಕ್ಕಿ ನೋವು ಕೊಡುತ್ತವೆ. ಹತ್ತು ಕಿಲೋಮೀಟರ್ ಓಟ ಹತ್ತಿರವಿರುವಾಗ ಈ ಪ್ರಯೋಗ ಬೇಡ. ಓಟ ಮುಗಿದ ಮೇಲೆ, ವಾರಕ್ಕೆ ಎರಡು ದಿನ ಒಂದೊಂದು ಕಿಲೋಮೀಟರಿನಿಂದ ಆರಂಭಿಸಿ ತಿಂಗಳುಗಟ್ಟಲೆ ಸಮಯ ಕೊಟ್ಟು ನೋಡಬಹುದು.

ಈಗಿರುವ ಶೂವನ್ನೇ ಸರಿಪಡಿಸುವ ಉಪಾಯಗಳನ್ನೂ ಕೆಲವರು ಹೇಳಿಯಾರು. ದಪ್ಪ ಇನ್‌ಸೋಲ್ ಇದ್ದರೆ ತೆಳುವಾದದ್ದನ್ನು ಹಾಕಿದಾಗ ಎತ್ತರದಲ್ಲಿ ತುಸು ಜಾಗ ಸಿಗುತ್ತದೆ. ಲೇಸಿನ ಕೆಳಗಿನ ಒಂದೆರಡು ತೂತುಗಳನ್ನು ಬಿಟ್ಟು ಕಟ್ಟಿದರೆ ಬೆರಳ ಬುಡದ ಒತ್ತಡ ಇಳಿಯುತ್ತದೆ. ಜೋಮಿಗೆ ಇವು ತಾತ್ಕಾಲಿಕ ಉಪಶಮನ, ಉಗುರಿಗೆ ಇವುಗಳಿಂದ ಏನೂ ಪ್ರಯೋಜನವಿಲ್ಲ. ಕಿರುಬೆರಳಿನ ಜಾಗದಲ್ಲಿ ಜಾಲರಿ ಕತ್ತರಿಸಿಕೊಂಡು ಬಂದವರೂ ಇದ್ದಾರೆ; ಶೂ ಪಾದವನ್ನು ಪಕ್ಕಕ್ಕೆ ಹಿಡಿಯುವುದು ಅಲ್ಲಿಯೇ ಆದ್ದರಿಂದ, ತಿರುವಿನಲ್ಲಿ ಪಾದ ಅಡಿಭಾಗದಿಂದಾಚೆ ಜಾರಿ ಕಾಲು ಉಳುಕುವ ಅಪಾಯವಿದೆ. ಆ ಯುಕೆ 7ನ್ನು ಇನ್ನು ಓಟಕ್ಕೆ ಬಳಸಬೇಡಿ.

ಅಂಗಡಿಯಲ್ಲಿ ಎರಡೂ ಕಾಲಿಗೆ ಹಾಕಿ, ಎದ್ದು ನಿಂತು, ಬೆರಳಿನ ಮುಂದೆ ಹೆಬ್ಬೆಟ್ಟು ಒತ್ತಿ ನೋಡಿ. ಅಂಗಡಿಯ ಮುಂದಿನ ಇಳಿಜಾರಿನಲ್ಲಿಯೋ ಮೆಟ್ಟಿಲಿನಲ್ಲಿಯೋ ಇಳಿದು ನೋಡಿದರೆ ಇನ್ನೂ ಒಳ್ಳೆಯದು, ಬೆರಳು ಮುಂದೆ ತಾಗುವುದು ಇಳಿಯುವಾಗಲೇ ಗೊತ್ತಾಗುವುದು. ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ತೊಂದರೆ ಕೊಡದ ಶೂ ಬೆಂಗಳೂರಿನ ಏರಿಳಿತದಲ್ಲಿ ತನ್ನ ಗುಣ ತೋರಿಸಬಹುದು. ಹೊಸ ಶೂವನ್ನು ಓಟಕ್ಕೆ ಆರರಿಂದ ಎಂಟು ವಾರ ಮುಂಚೆಯೇ ಕೊಂಡು, ಮೊದಲು ಮೂರು ಕಿಲೋಮೀಟರ್, ಆಮೇಲೆ ಐದು ಎಂದು ಏರಿಸುತ್ತ, ಓಟದ ದಿನಕ್ಕೆ ಮುನ್ನ ಕನಿಷ್ಠ ಒಮ್ಮೆಯಾದರೂ ಎಂಟು ಕಿಲೋಮೀಟರ್ ಓಡಿರಬೇಕು. ಒಂದು ಜೊತೆ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್‌ವರೆಗೆ ಬಾಳುತ್ತದೆ.

ಸರಿಯಾದ ಶೂ ಹಾಕಿ ಎರಡು ಮೂರು ವಾರಗಳಾದರೂ ಜೋಮು ಹೋಗದಿದ್ದರೆ, ಬರಿಗಾಲಲ್ಲಿ ನಡೆಯುವಾಗಲೂ ಬೆರಳ ಬುಡದಲ್ಲಿ ಸಣ್ಣ ಕಲ್ಲಿನ ಮೇಲೆ ಕಾಲಿಟ್ಟಂತೆ ಅನಿಸಿದರೆ, ಅಥವಾ ಎಲುಬಿನ ಮೇಲೆ ಒಂದೇ ಬಿಂದುವಿನಲ್ಲಿ ಒತ್ತಿದಾಗ ನೋವಾಗಿ ದಿನೇ ದಿನೇ ಹೆಚ್ಚುತ್ತಿದ್ದರೆ ಓಟ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಕೊನೆಯದು ಎಲುಬಿನ ಸಣ್ಣ ಬಿರುಕೂ ಆಗಿರಬಹುದು. ಸಕ್ಕರೆ ಕಾಯಿಲೆ ಇರುವ ಓದುಗರು ಕಾಲಿನ ಜೋಮಿಗೆ ಶೂವನ್ನು ಮಾತ್ರ ದೂರಿ ವಾರಗಟ್ಟಲೆ ಕಾಯಬಾರದು.

ಕಪ್ಪಾದ ಉಗುರುಗಳನ್ನು ಕೀಳಬೇಡಿ, ಮನೆಯಲ್ಲಿ ಸೂಜಿಯಿಂದ ಚುಚ್ಚಲೂ ಬೇಡಿ. ಉಗುರಿನ ಬುಡದ ಹತ್ತಿರ, ಕಪ್ಪು ಎಲ್ಲಿ ಮುಗಿಯುತ್ತದೋ ಅಲ್ಲಿ, ಬ್ಲೇಡ್ ಬಳಸದೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಹೋಲಿಸಿ ನೋಡಿ. ಪೆಟ್ಟಿನ ರಕ್ತವಾಗಿದ್ದರೆ ಕಪ್ಪು ಭಾಗ ಉಗುರಿನೊಂದಿಗೆ ನಿಧಾನವಾಗಿ ಮುಂದಕ್ಕೆ ಸರಿದು ಬುಡದಲ್ಲಿ ಸ್ವಚ್ಛ ಉಗುರು ಕಾಣಿಸುತ್ತದೆ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದೇ ಒಂದೆರಡು ಮಿಲಿಮೀಟರ್. ಎರಡು ಮೂರು ತಿಂಗಳಾದರೂ ಕಪ್ಪು ಇದ್ದಲ್ಲೇ ಇದ್ದರೆ, ಅಥವಾ ಬುಡದ ಚರ್ಮಕ್ಕೂ ಹರಡಿದರೆ, ಚರ್ಮರೋಗ ತಜ್ಞರನ್ನು ಕಾಣಿ. ಏಪ್ರಿಲ್ ಹೊತ್ತಿಗೆ ನಿಮ್ಮ ಉಗುರು ಪೂರ್ತಿ ಬೆಳ್ಳಗಾಗಿರುವುದಿಲ್ಲ. ಬುಡದಲ್ಲಿ ಹೊಸದಾಗಿ ಬಂದ ಬಿಳಿಯ ಅಂಚು ಮತ್ತೆ ಕಪ್ಪಾಗದಿದ್ದರೆ ನೀವು ಕೊಂಡ ಶೂ ಸರಿಯಾಗಿದೆ.